ಮೂರನೇ ಅಧ್ಯಾಯದ ಸೊನ್ನೆ

ನೀರಲಹಟ್ಟಿ, ತುಂಗಭದ್ರೆಯ ಎಡದಂಡೆ
ಫೆಬ್ರವರಿ ಮೂವತ್ತು, ಕ್ರಿ.ಶ. 2291

ಶ್ರೀಮತಿ ನೀಲಾಂಬಿಕಾ ಕುಲಗೋಡ ಅವರಿಗೆ ಕಮಲಾಕ್ಷಿ ಹಿರೇಸಿಂದೋಗಿಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಮಾರ್ಚ್ ಎಂಬ ಹೆಸರು ಕೇಳಿದರೇ ಜನ ನಡುಗುವ ಕಾಲ ಬಂದಾಗ, ನಮ್ಮ ಹಿರಿಯರು ಫೆಬ್ರವರಿಯನ್ನು ಒಂದಿಷ್ಟು ಉದ್ದ ಮಾಡಿ ಸಮಾಧಾನಪಟ್ಟುಕೊಂಡರಂತೆ. ಬಿಸಿಲೇನು ಕ್ಯಾಲೆಂಡರ್ ನೋಡಿ ಬರುತ್ತದೆಯೇ? ನನ್ನ ಮಾತಿನಲ್ಲಿ ನೀವು ಕೇಳದ ಪದಗಳು ಬಂದರೆ ಮನ್ನಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನಡುವೆ ಸಿಟ್ಟು ಬಂದರೆ ಅದನ್ನೂ ಮನ್ನಿಸಿ. ನಾನು ಮೊದಲಿನಿಂದಲೂ ಮುಂಗೋಪಿ, ಮೇಲಾಗಿ ಇವತ್ತು ನನ್ನ ತಲೆ ನೆಟ್ಟಗಿಲ್ಲ.

ನಾನು ನಿಮ್ಮದೇ ವಿಷಯದ ವಿದ್ಯಾರ್ಥಿನಿ. ಆಪರೇಷನ್ಸ್ ರಿಸರ್ಚ್ ಮತ್ತು ಅನಾಲಿಟಿಕ್ಸ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ, ಇವತ್ತು ಬೆಳಗಿನ ತನಕ ಮಾಡುತ್ತಿದ್ದೆ ಎನ್ನುವುದು ಸರಿ. ನಿಮ್ಮ ಕಾಲದ ನಿಯಮಗಳು ಬಹುಪಾಲು ಹಾಗೇ ಉಳಿದಿವೆ. ಮೊದಲು ಕೋರ್ಸ್‌ವರ್ಕ್, ಆಮೇಲೆ ಅರ್ಹತಾ ಪರೀಕ್ಷೆ, ಸಂಶೋಧನಾ ಪ್ರಸ್ತಾವ, ಪ್ರಕಟಿತ ಲೇಖನಗಳು, ಪ್ರಬಂಧ, ಕೊನೆಗೆ ಮೌಖಿಕ ಪರೀಕ್ಷೆ. ಅವಧಿ ಮೀರಿದರೆ ಒಂದು ವಿಸ್ತರಣೆ, ಅದೂ ಮೀರಿದರೆ ಮನೆಗೆ. ಮೌಖಿಕ ಮುಗಿದ ಮುಂದಿನ ಸೋಮವಾರದಿಂದ ವಿದ್ಯಾರ್ಥಿಯ ಲೆಕ್ಕವೇ ಜಿಲ್ಲೆಯಲ್ಲಿ ಜಾರಿಗೆ ಬರುತ್ತದೆ. ಹಾಗಾಗಿ ನಮ್ಮವರು ಇನ್ನೊಂದು ನಿಯಮ ಸೇರಿಸಿದ್ದಾರೆ. ಅದರ ಹೆಸರು ಕೊನೆಮನೆ ವಾಸ. ನಿನ್ನ ಲೆಕ್ಕ ಯಾವ ಮನೆಯನ್ನು ಎಲ್ಲರಿಗಿಂತ ಕೊನೆಗೆ ತಳ್ಳುತ್ತದೋ, ಆ ಮನೆಯಲ್ಲಿ ನೀನು ಒಂದು ಬೇಸಿಗೆ ಬಾಳಿ ಬಾ, ಆಮೇಲೆ ಡಾಕ್ಟರ್ ಅನ್ನಿಸಿಕೋ ಎಂದು. ಒಳ್ಳೆಯ ನಿಯಮವೇ. ಆದರೆ ಅದಕ್ಕೆ ಒಂದು ಬಾಲ ಅಂಟಿಸಿದ್ದಾರೆ: ಅಲ್ಲಿದ್ದಷ್ಟು ದಿನ ವಿದ್ಯಾರ್ಥಿ ಕರೆಗುಂಡಿ ಮುಟ್ಟಬಾರದು. ಮುಟ್ಟಿದರೆ ಅಂಕಿಅಂಶ ಕೆಡುತ್ತದೆ, ವಾಸ ರದ್ದು, ಪ್ರಬಂಧವೂ ರದ್ದು.

ಕರೆಗುಂಡಿ ಎಂದರೆ ಪ್ರತಿ ಮನೆಯ ಬಾಗಿಲ ಪಕ್ಕದ ತಾಮ್ರದ ಬಟನ್. ಒತ್ತಿದರೆ, ಬೆರಳು ಯಾರದೆಂಬ ಗುರುತಿನ ಸಮೇತ, ಕರೆಗಳ ಲೆಕ್ಕವಿಡುವ ಯಂತ್ರಕ್ಕೆ, ಅಂದರೆ ಜಿಲ್ಲಾ ಎಣಿಕೆಗೆ, ಸುದ್ದಿ ಹೋಗುತ್ತದೆ, ಅಲ್ಲಿಂದ ತಂಪುಬಂಡಿ ಬರುತ್ತದೆ. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ ಹೊರಗೆ ನಡೆದವರು ಬದುಕುವುದಿಲ್ಲ. ಹೊತ್ತೇರಿದ ಮೇಲೆ ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸಲು ಒಳಗೆ ತಂಪಿಟ್ಟುಕೊಂಡ ಆ ಬಂಡಿ ಬಿಟ್ಟರೆ ಬೇರೆ ದಾರಿಯಿಲ್ಲ. ಇರುವ ಬಂಡಿಗಳು ಕೆಲವೇ, ಊರುಗಳು ನೂರಾರು. ಯಾವ ಬಂಡಿ ಯಾವ ದಾರಿ ಹಿಡಿಯಬೇಕು ಎಂಬುದೇ ನನ್ನ ಪ್ರಬಂಧ. ನನ್ನ ಲೆಕ್ಕದಲ್ಲಿ ಜಿಲ್ಲೆಯ ಕಾಯುವ ಹೊತ್ತು ಹಿಂದೆಂದಿಗಿಂತ ಕಡಿಮೆಯಾಗಿತ್ತು. ನನ್ನ ಮಾರ್ಗದರ್ಶಕರಾದ ನದಾಫ್ ಸರ್ ಎಲ್ಲರೆದುರು ಬೆನ್ನು ತಟ್ಟಿದ್ದರು. ನಾನೂ ಬೀಗಿದ್ದೆ.

ಆ ಲೆಕ್ಕದ ಕೊನೆಮನೆ ನೀರಲಹಟ್ಟಿಯ ದ್ಯಾಮವ್ವನದು. ಇಲ್ಲಿಯ ಮನೆಗಳು ಅರ್ಧ ನೆಲದೊಳಗಿವೆ; ಮನೆಯಿಂದ ಮನೆಗೆ ಸುರಂಗದ ಓಣಿ. ಹೊತ್ತು ಮೂಡುವ ಮೊದಲೇ ರೊಟ್ಟಿ ಬಡಿದು, ಪುಂಡಿಪಲ್ಲೆ ಕುದಿಸಿ, ಒಲೆ ಆರಿಸಿಬಿಡುತ್ತಾರೆ. ಆಮೇಲೆ ಬಾಗಿಲಿಗೆ ಒದ್ದೆ ಗೋಣಿ ಇಳಿಬಿಟ್ಟು, ಮಜ್ಜಿಗೆ ಕುಡಿದು, ಓಣಿಯ ಕತ್ತಲಲ್ಲಿ ಹುಡುಗರು ಆಡುವ ಗದ್ದಲ ಕೇಳುತ್ತ ಸಂಜೆಗೆ ಕಾಯುತ್ತಾರೆ. ಬಂದ ದಿನ ದ್ಯಾಮವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, ಇಷ್ಟು ಓದಿದವಳಿಗೆ ಮನೆಯವರು ಹೊಟ್ಟೆಗೆ ಹಾಕುವುದಿಲ್ಲವೇನು ಎಂದು ಕೇಳಿ, ತಾಟಿನಲ್ಲಿದ್ದ ರೊಟ್ಟಿಯ ಮೇಲೆ ಇನ್ನೊಂದು ಹಾಕಿದಳು. ಅವಳ ಮಗಳು ಶಾಂತವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನನ್ನ ಸಮೀಕರಣಗಳನ್ನು ನೋಡಿ, ಅಕ್ಕಾ ಇದು ರಂಗೋಲಿಯೋ ಎಂದು ದಿನವೂ ಚುಡಾಯಿಸುತ್ತಿದ್ದಳು.

ಅವರ ಬಾಗಿಲ ತಾಮ್ರದ ಗುಂಡಿ ಹಸಿರುಗಟ್ಟಿತ್ತು. ಯಾಕೆ ಒತ್ತುವುದಿಲ್ಲ ಎಂದು ಕೇಳಿದೆ. ದ್ಯಾಮವ್ವ ಬತ್ತಿ ಹೊಸೆಯುವುದನ್ನು ನಿಲ್ಲಿಸದೆಯೇ ಹೇಳಿದಳು:

“ನಮ್ಮವ್ವ ಕರದ್ಲು, ನಾನೂ ಕರದೆ. ಯಾವ ಬಂಡಿನೂ ಬರಲಿಲ್ಲವ್ವ. ಬರದಾರನ್ನ ಎಷ್ಟಂತ ಕರೀತಿ? ಬಿಟ್ವಿ.”

ನೀಲಾಂಬಿಕಾ ಅವರೇ, ಆ ಮಾತು ಕೇಳಿ ನನ್ನ ಪಟ್ಟಿ ತೆಗೆದು ನೋಡಿದೆ. ಹಿಂದಿನವರ ಲೆಕ್ಕಗಳಂತೆಯೇ ನನ್ನ ಪ್ರಬಂಧದಲ್ಲೂ ಈ ಊರಿನ ಎದುರು ಸೊನ್ನೆ ಇತ್ತು. ಕರೆ ಸೊನ್ನೆ, ಆದ್ದರಿಂದ ಬೇಡಿಕೆ ಸೊನ್ನೆ, ಆದ್ದರಿಂದ ಈ ದಾರಿಗೆ ಬಂಡಿ ದಂಡ. ಈ ಊರನ್ನು ಬಿಟ್ಟಿದ್ದರಿಂದಲೇ ಉಳಿದವರ ಕಾಯುವ ಹೊತ್ತು ಅಷ್ಟು ಚೆಂದಾಗಿ ಇಳಿದಿತ್ತು. ಬಂಡಿ ಬಾರದ್ದಕ್ಕೆ ಜನ ಕರೆಯುವುದನ್ನು ಬಿಟ್ಟರು. ಜನ ಕರೆಯದ್ದಕ್ಕೆ ನಾವು ಬಂಡಿ ಕಳಿಸುವುದನ್ನು ಬಿಟ್ಟೆವು. ನದಾಫ್ ಸರ್‌ಗೆ ಹೇಳಿ ಕಳಿಸಿದೆ. ಅವರು ಒಳ್ಳೆಯವರು, ಮರುಗಿದರು. ಆದರೆ ಮೂಲ ಲೆಕ್ಕವನ್ನು ಸುಧಾರಿಸಬಹುದು, ಅದರ ಬುಡಕ್ಕೆ ಕೈಹಾಕುವ ಅಧಿಕಾರ ವಿದ್ಯಾರ್ಥಿಗಿಲ್ಲ, ನಿನ್ನ ವಿಸ್ತರಣೆಯೂ ಮುಗಿಯುತ್ತ ಬಂತು, ಸುಮ್ಮನೆ ವಾಸ ಮುಗಿಸಿ ಬಾ ತಾಯಿ ಎಂದರು.

ಆ ಬುಡ ನೀವು. ನಮ್ಮ ಎಲ್ಲ ಲೆಕ್ಕಗಳೂ ಶತಮಾನಗಳ ಹಿಂದಿನ ನಿಮ್ಮ ಪ್ರಬಂಧದ ಮೇಲೆ ನಿಂತಿವೆ. ಅದರ ಮೂರನೇ ಅಧ್ಯಾಯದಲ್ಲಿ ಆಂಬುಲೆನ್ಸ್‌ಗಳ ಕುರಿತು ನೀವು ಬರೆದ ಸಾಲು ನನಗೆ ಬಾಯಿಪಾಠ: “ಕರೆ ದಾಖಲಾಗದ ಸ್ಥಳಗಳಲ್ಲಿ ಬೇಡಿಕೆಯನ್ನು ಸೊನ್ನೆ ಎಂದು ಭಾವಿಸಲಾಗಿದೆ.” ಯಾಕೆ ಭಾವಿಸಿದಿರಿ? ಒಂದು ಸಲ ಬಸ್ಸು ಹತ್ತಿ ಅಂಥ ಒಂದು ಊರಿಗೆ ಹೋಗಿ ಕೇಳಲು ನಿಮಗೇನು ಧಾಡಿಯಾಗಿತ್ತು? ತಪ್ಪಾಯಿತು, ಹೀಗೆ ಬರೆಯಬಾರದು. ಕೃತಜ್ಞತೆಯ ಪುಟದಲ್ಲಿ ನೀವು ನಿಮ್ಮ ಮಗಳ ಕ್ಷಮೆ ಕೇಳಿದ್ದನ್ನು ಓದಿದ್ದೇನೆ. ನಿಮಗೂ ವಿಸ್ತರಣೆ ಮುಗಿಯುತ್ತಿತ್ತು, ಗೈಡ್ ಬೆನ್ನು ಹತ್ತಿದ್ದರು, ಹೇಗಾದರೂ ಮುಗಿದರೆ ಸಾಕಾಗಿತ್ತು. ಆ ಪಾಡು ನನಗೆ ಚೆನ್ನಾಗಿ ಗೊತ್ತು.

ಇವತ್ತು ನಸುಕಿನಲ್ಲಿ ಶಾಂತವ್ವನಿಗೆ ನೋವು ಶುರುವಾಯಿತು. ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, ಕೂಸು ಅಡ್ಡ ನಿಂತಿದೆ, ಇದು ನನ್ನ ಕೈಮೀರಿದ್ದು, ಆಸ್ಪತ್ರೆಗೇ ಒಯ್ಯಬೇಕು ಎಂದಳು. ಅಷ್ಟರಲ್ಲಿ ಹೊತ್ತೇರಿತ್ತು. ನಾನು ಎದ್ದು ಹೋಗಿ ಗುಂಡಿ ಒತ್ತಿದೆ. ಯೋಚಿಸಲಿಲ್ಲ, ಯೋಚಿಸುವಂಥದ್ದು ಏನಿತ್ತು? ಗೋಡೆಯಿಂದ ಉತ್ತರ ಬಂತು: ವಿದ್ಯಾರ್ಥಿಯ ಕರೆ ಎಣಿಕೆಗಿಲ್ಲ, ವಾಸ ರದ್ದಾಗಿದೆ. ನನ್ನ ಪಿಎಚ್.ಡಿ. ಅಲ್ಲಿಗೆ ಮುಗಿಯಿತು. ಆಗ ದ್ಯಾಮವ್ವ ನನ್ನನ್ನು ಪಕ್ಕಕ್ಕೆ ಸರಿಸಿದಳು.

“ಸರಿ ಅತ್ಲಾಗ. ನನ್ನ ಕೈಯರ ಲೆಕ್ಕಕ್ಕ ಬರತೈತೇನು ನೋಡೋಣು.”

ಒತ್ತಿದಳು. ಉತ್ತರ ಬಂತು: ದೀರ್ಘ ಮೌನದ ನಂತರದ ಒಂಟಿ ಕರೆ, ಆಕಸ್ಮಿಕವೆಂದು ಕೈಬಿಡಲಾಗಿದೆ. ಗುಂಪಿಗೆ ಸೇರದ ಅಂಕಿಯನ್ನು ಹೀಗೆ ಕಿತ್ತೆಸೆಯುವುದನ್ನು ನನಗೆ ಮೊದಲ ವರ್ಷದಲ್ಲೇ ಕಲಿಸಿದ್ದರು, ನನಗೆ ಪೂರ್ತಿ ಅಂಕ ಬಂದಿತ್ತು. ಓಣಿಯಲ್ಲಿ ಓಡಿ, ನೀವೂ ಗುಂಡಿ ಒತ್ತಿರೆಂದು ಮನೆಮನೆಯವರ ಕಾಲಿಗೆ ಬಿದ್ದೆ. ಕೆಲವರು ನನಗೆ ಬಿಸಿಲು ಬಡಿದಿದೆ ಅಂದುಕೊಂಡರು. ಕೆಲವರು ಶಾಂತವ್ವನ ಚೀರಾಟ ಕೇಳಿ ಬಂದು ಒತ್ತಿದರು, ಈಗಲೂ ಒತ್ತುತ್ತಿದ್ದಾರೆ. ಆದರೆ ದಾರಿ ಬದಲಾಗುವುದು ಇಡೀ ವರ್ಷದ ಸರಾಸರಿ ಏರಿದಾಗ. ಅದು ನಿಮ್ಮ ನಾಲ್ಕನೇ ಅಧ್ಯಾಯ, ಅದನ್ನು ಬಯ್ಯಲು ನನಗೆ ವೇಳೆಯಿಲ್ಲ.

ನನ್ನ ಹತ್ತಿರ ಉಳಿದದ್ದು ಒಂದು ಹಿಂದೋಲೆ ಮಾತ್ರ. ಆಕರಗ್ರಂಥ ಬರೆದವರಿಗೆ ಕಾಲದಲ್ಲಿ ಹಿಂದೆ ಪತ್ರ ಕಳಿಸಿ ಸಂದೇಹ ಕೇಳುವ ಹಕ್ಕದು. ಪ್ರತಿ ವಿದ್ಯಾರ್ಥಿಗೂ ಒಂದೇ ಸಲ. ಹೆಚ್ಚಿನವರು ಯಾವುದೋ ಚಿಹ್ನೆಯ ಅರ್ಥ ಕೇಳಿ ಅದನ್ನು ಹಾಳುಮಾಡುತ್ತಾರೆ. ರದ್ದಾದವಳ ಪತ್ರವನ್ನು ಒಯ್ಯುತ್ತಾರೋ ಇಲ್ಲವೋ ತಿಳಿಯದು, ಆದರೂ ಬರೆಯುತ್ತಿದ್ದೇನೆ. ನೀವು ಪ್ರಬಂಧ ಸಲ್ಲಿಸುವ ಮೊದಲು ಇದು ನಿಮ್ಮ ಕೈ ಸೇರಿದರೆ, ದಯವಿಟ್ಟು ಆ ಸಾಲು ಹೊಡೆದುಹಾಕಿ. ಕರೆ ಬಾರದ ಒಂದು ಊರಿಗೆ ಹೋಗಿ, ಯಾವುದಾದರೂ ಕಟ್ಟೆಯ ಮೇಲೆ ಕೂತು, ಯಾಕವ್ವ ಕರೆಯುವುದಿಲ್ಲ ಎಂದು ಕೇಳಿ. ತಡವಾಗುತ್ತದೆ, ಬಲ್ಲೆ. ಗೈಡ್ ಬಯ್ಯುತ್ತಾರೆ, ಮಗಳು ಇನ್ನಷ್ಟು ದಿನ ಮುನಿಸಿಕೊಳ್ಳುತ್ತಾಳೆ. ಆದರೂ ಹೋಗಿ.

ನೀವು ತಿದ್ದಿದರೆ ಈ ಮನೆ ಕೊನೆಮನೆಯಾಗುವುದಿಲ್ಲ, ನಾನು ಇಲ್ಲಿಗೆ ಬರುವುದೂ ಇಲ್ಲ. ದ್ಯಾಮವ್ವನ ಕೈರೊಟ್ಟಿ ನನಗೆ ಗೊತ್ತಾಗುವುದಿಲ್ಲ, ಶಾಂತವ್ವ ನನ್ನನ್ನು ಅಕ್ಕಾ ಅನ್ನುವುದಿಲ್ಲ. ಇವೆಲ್ಲ ಹೋದರೆ ಹೋಗಲಿ, ಬಂಡಿಯೊಂದು ಬರಲಿ.

ಒಂದು ಕೈ ಶಾಂತವ್ವ ಹಿಡಿದುಕೊಂಡಿದ್ದಾಳೆ, ಇನ್ನೊಂದರಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೇ. ಬೆಳಿಗ್ಗೆ ಅವಳ ಹಿಡಿತಕ್ಕೆ ನನ್ನ ಬೆರಳುಗಳು ಮುರಿಯುವಂತಿದ್ದವು. ಈಗ ಆ ಹಿಡಿತ ಸಡಿಲಾಗಿದೆ, ನೋಯುತ್ತಿಲ್ಲ.

ಬೇಗ ತಿದ್ದಿ, ಅಕ್ಕಾ.

ಕಮಲಾಕ್ಷಿ