ಮುಟ್ಟದೆ ಪಾಸ್ ಮಾಡಿದ ಲೋಹ

ಪ್ರೀತಿಯ ಅಪ್ಪ,

ಈ ಕಾಗದದಲ್ಲೂ ನೀನು ಮೊದಲು ಕಾಗುಣಿತದ ತಪ್ಪು ಹುಡುಕುತ್ತೀಯ ಎಂದು ಗೊತ್ತು. ಹುಡುಕು. ಆದರೆ ನನ್ನ ದೊಡ್ಡ ತಪ್ಪು ಒಂದೇ ಒಂದು ಪದ. ಅದನ್ನು ನಾನೇ ತೋರಿಸುತ್ತೇನೆ.

ನೀನು ಮೆಲ್ಬರ್ನ್ ಹೊರವಲಯದ ಕ್ರೇಗಿಬರ್ನ್‌ನ ನಮ್ಮ ಮನೆಗೆ ಬಂದಿದ್ದಾಗ ನನ್ನ ಬೆನ್ನ ಹಿಂದೆ ನಿಂತು ಲ್ಯಾಪ್‌ಟಾಪ್ ನೋಡುತ್ತಿದ್ದೆ, ನೆನಪಿದೆಯಾ? ಪೀಣ್ಯದ ಫೌಂಡ್ರಿಯಲ್ಲಿ ಮೂವತ್ತು ವರ್ಷ ಲೋಹ ಕರಗಿಸಿದ ನಿನಗೆ ಮಗಳ ಕೆಲಸದ ತಲೆಬುಡ ತಿಳಿಯಲಿಲ್ಲ. ಒಂದು ದೇಶದಲ್ಲಿ ಅಲ್ಯೂಮಿನಿಯಂ ಕೊಂಡು ಇನ್ನೊಂದು ದೇಶದ ಕಾರಿನ ಚಕ್ರದ ಫ್ಯಾಕ್ಟರಿಗೆ ಕಳಿಸುತ್ತೇವೆ, ಮೆಲ್ಬರ್ನ್‌ಗೆ ಬರುವುದು ಬರೀ ಪೇಪರ್, ಅದನ್ನು ನೋಡಿ ಮಾಲು ಪಾಸ್ ಮಾಡುವುದು ನನ್ನ ಕೆಲಸ ಎಂದೆ ನಾನು. "ಮುಟ್ಟದೆ ಹೆಂಗಮ್ಮ ಪಾಸ್ ಮಾಡ್ತೀಯ?" ಎಂದೆ ನೀನು. ನಾನು ನಕ್ಕುಬಿಟ್ಟೆ. ಯಾಕೆ ನಕ್ಕೆನೋ...

ಆಮೇಲೆ ಆ ಫೋನು. ನೀನು ಅಣ್ಣನಿರುವ ಸಿಡ್ನಿಯಲ್ಲಿ, ವೆಸ್ಟ್‌ಮೀಡ್‌ನ ಆಸ್ಪತ್ರೆಯಲ್ಲಿ ಮಲಗಿದ್ದೆ. ಈಗ ಯಾವ ಮಾಲು ತರಿಸುತ್ತೀಯ ಎಂದು ಕೇಳಿದೆ. ಹಳೆ ಕಾರು, ಕಿಟಕಿ ಚೌಕಟ್ಟು, ಡಬ್ಬಿ ಎಲ್ಲ ಕರಗಿಸಿ ಮಾಡಿದ ಅಲಾಯ್‌ಗೆ ಪ್ರಪಂಚದಲ್ಲೆಲ್ಲ ಬೇಡಿಕೆ ಬಂದಿದೆ, ಎಲೆಕ್ಟ್ರಿಕ್ ಕಾರಿನವರು ಅದನ್ನೇ ಕೇಳುತ್ತಾರೆ ಎಂದು ಹೇಳಬೇಕಿತ್ತು. ಮಾತಿಗೊಂದು ಇಂಗ್ಲಿಷ್ ತುರುಕುತ್ತೀಯ ಎಂದು ನೀನು ಸದಾ ಬೈಯುತ್ತಿದ್ದೆಯಲ್ಲ, ಅವತ್ತಾದರೂ ಕನ್ನಡದಲ್ಲಿ ಹೇಳೋಣ ಎನಿಸಿತು. ಬೆರೆಸಿದ್ದು ಬೆರಕೆ ತಾನೇ? "ಈಗೆಲ್ಲ ಬೆರಕೆ ಮಾಲೇ ಅಪ್ಪ, ಅದಕ್ಕೇ ಡಿಮ್ಯಾಂಡು" ಎಂದೆ. ಅಲಾಯ್ ಎಂದಿದ್ದರೆ ನಿನಗೆ ಅರ್ಥವಾಗುತ್ತಿತ್ತು. ನಿನ್ನ ಫೌಂಡ್ರಿಯಲ್ಲಿ ಎಲ್ಲರೂ ಹಾಗೇ ಅನ್ನುತ್ತಿದ್ದರು.

"ಆ ಕಾರಲ್ಲಿ ಮಕ್ಕಳು ಕೂತಿರ್ತಾರೆ ಕಣಮ್ಮ" ಎಂದು ಹೇಳಿ ನೀನು ಫೋನನ್ನು ಅಣ್ಣನ ಕೈಗೆ ಕೊಟ್ಟುಬಿಟ್ಟೆ. ಔಷಧಿಯ ಮಂಪರು ಎಂದುಕೊಂಡೆ ನಾನು. ಎರಡು ದಿನಕ್ಕೆ ನೀನು...

ನಿನ್ನ ಹದಿಮೂರನೆಯ ದಿನ, ಬಂದವರೆಲ್ಲ ಹೊರಟ ಮೇಲೆ ಅಣ್ಣ ಮೆಲ್ಲಗೆ ಕೇಳಿದ. "ನೀನು ಕಲಬೆರಕೆ ಮಾಲು ಮಾರ್ತೀಯ ಅಂತ ಅಪ್ಪ ಕೊನೇವರೆಗೂ ಕೊರಗಿದ್ರು. ನಿಜವೇನೇ?"

ಅಲ್ಲ ಎನ್ನುವ ಬದಲು, ನೋಡಿ ಹೇಳ್ತೀನಿ ಎಂದೆ. ಆ ವಾರವೇ ನನ್ನ ಮುಂದೆ ಒಂದು ಲೋಡಿನ ಪೇಪರ್ ಇತ್ತು. ಕಬ್ಬಿಣದ ಅಂಶ ಸರಿಯಾಗಿ ಮಿತಿಯ ಅಂಚಿನಲ್ಲಿ. ಅಲ್ಯೂಮಿನಿಯಂನಲ್ಲಿ ಕಬ್ಬಿಣ ಹೆಚ್ಚಾದರೆ ಚಕ್ರ ಬಿರುಕು ಬಿಡುತ್ತದೆ ಎಂದು ಹೇಳಿಕೊಟ್ಟವನೇ ನೀನು. ಪೇಪರ್ ಸರಿ ಇದೆ, ಸೈನ್ ಮಾಡು ಎನ್ನುತ್ತಿದ್ದ ಮ್ಯಾನೇಜರ್. ಸರಿ ಇರುವುದು ಪೇಪರೋ, ಮಾಲೋ? ನೀನು ತಪ್ಪು ತಿಳಿದೆಯೋ, ನಾನೇ ತಪ್ಪು ಪದದಲ್ಲಿ ನಿಜ ಹೇಳಿಬಿಟ್ಟೆನೋ? ಇವತ್ತಿಗೂ ತಲೆ ಚಿಟ್ಟು ಹಿಡಿಯುತ್ತದೆ.

ಮೆಲ್ಬರ್ನ್‌ಗೆ ವಾಪಸು ಬಂದು, ಎಲ್ಲರಿಂದ ಗೊಣಗಿಸಿಕೊಂಡು, ಆ ಲೋಡಿನದೊಂದು ತುಂಡು ತರಿಸಿದೆ. ಈ ಕೆಲಸಕ್ಕೆ ಸೇರಿದ ಮೇಲೆ ನಾನು ಮಾರುವ ಲೋಹವನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ತಣ್ಣಗಿತ್ತು, ಅಷ್ಟೇ. ನನ್ನ ಕೈಗೆ ಏನೂ ತಿಳಿಯಲಿಲ್ಲ. ಅರ್ಧ ಕತ್ತರಿಸಿ ಲ್ಯಾಬ್‌ಗೆ ಕಳಿಸಿದೆ.

ನಿನ್ನೆ ರಿಪೋರ್ಟ್ ಬಂತು. ಕಬ್ಬಿಣ ಮಿತಿಯೊಳಗೇ ಇದೆ, ಮಾಲು ಚೆನ್ನಾಗಿದೆ. ಅಣ್ಣನಿಗೆ ಫೋನ್ ಮಾಡಿ ಹೇಳಿದೆ, ಅವನು ನಂಬಿದ. ನಿಘಂಟಿನಲ್ಲಿ ಪದವೂ ಸಿಕ್ಕಿತು: ಮಿಶ್ರಲೋಹ. ಅವತ್ತು ಅಷ್ಟು ಹೇಳಿದ್ದರೆ ಸಾಕಿತ್ತು. ಉಳಿದರ್ಧ ತುಂಡು ನನ್ನ ಮೇಜಿನ ಮೇಲಿದೆ. ಅದರ ಮೇಲೆ ಎಡಗೈಯಿಟ್ಟು, ಬಲಗೈಯಲ್ಲಿ ಆ ಲೋಡಿನ ಪೇಪರಿಗೆ ಸೈನ್ ಹಾಕಿದೆ. ಇನ್ನು ಮೇಲೆ ಪ್ರತಿ ಲೋಡಿಗೂ ಹೀಗೆಯೇ ತುಂಡು ತರಿಸುತ್ತೇನೆ.

ಮುಟ್ಟಿ ಪಾಸ್ ಮಾಡಿದೆ, ಅಪ್ಪ. ನೀನು ನಂಬುತ್ತೀಯಾ?

ನಿನ್ನ ಮಗಳು