ಸನ್ಮಾನ ಪತ್ರ ಬರೆಯುವವಳ ಆಕ್ಷೇಪಣೆ

ಕಾರ್ಕಳ
14 ನವೆಂಬರ್ 2024, ಗುರುವಾರ

ಪ್ರಶಸ್ತಿ ವಿಜೇತ ನಿರ್ದೇಶಕನೂ ನನ್ನ ಮಾಜಿ ಪತಿಯೂ ಆದ ಹರ್ಷಿತನಿಗೆ, ಅಕ್ಷಿತಾಳ ವಂದನೆಗಳು.

ಇದು ಮೂರನೆಯ ಕಾಗದ. ಮೊದಲಿನ ಎರಡನ್ನು ಹರಿದೆ. ಇದರ ನಡುವೆಯೂ ಎರಡು ಸಲ ಎದ್ದು ಹೋಗಿ, ಆರಿಸಿದ್ದ ಗ್ಯಾಸನ್ನೇ ಮತ್ತೆ ಆರಿಸಿ ಬಂದೆ. ವಾಟ್ಸಾಪಿನಲ್ಲಿ ಬರೆಯಬಹುದಿತ್ತು, ಆದರೆ ನೀಲಿ ಗುರುತು ಬಿತ್ತೋ ಎಂದು ನೋಡುತ್ತ ಕೂರುವ ತಾಳ್ಮೆ ನನಗಿಲ್ಲ. ಮಣಿಪಾಲದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತೇನೆ. ನಿನ್ನ ಜೊತೆಗಿರುವ ಮನೀಶ ಸ್ಟ್ಯಾಂಡಿಗೆ ಬಂದು ತೆಗೆದುಕೊಳ್ಳಲಿ.

ನೀನು ಕಳಿಸಿದ ಲಿಂಕಿನಲ್ಲಿ ಸಿನಿಮಾ ನೋಡಿದೆ. ಇಬ್ಬರು ಗಂಡಸರ ಪ್ರೀತಿಯನ್ನು ಇಷ್ಟು ನಾಜೂಕಾಗಿ ಹೇಳಬಹುದೆಂದು ನನಗೆ ಗೊತ್ತಿರಲಿಲ್ಲ. ಮನೀಶನ ಕ್ಯಾಮೆರಾ ಕೂಡ ಚಂದ. ನಡುವೆ ಸಿಕ್ಕಿಕೊಂಡ ಹೆಂಡತಿಯ ವಿಷಯದಲ್ಲಿ ಮಾತ್ರ ನನ್ನ ತೀವ್ರ ಆಕ್ಷೇಪಣೆ ಉಂಟು. ಗಂಡ ನಿಜ ಹೇಳಿದ ಮೇಲೆ ಆಕೆ ಕಾಪು ಲೈಟ್‌ಹೌಸಿನ ಬುಡದಲ್ಲಿ ಕೂತು ಏಳು ನಿಮಿಷ ಅಳುತ್ತಾಳೆ. ಗಡಿಯಾರ ಹಿಡಿದೇ ನೋಡಿದೆ. ನೀನು ಅಲ್ಲೇ ನನಗೆ ನಿಜ ಹೇಳಿದ ದಿನ ನಾನು ಅಳಲಿಲ್ಲ ಮಾರಾಯ! ಚರುಮುರಿ ತಿಂದೆ. ನಿನ್ನದು ಮೆತ್ತಗಾಗುತ್ತದೆಂದು ಅದನ್ನೂ ತಿಂದೆ.

ಇನ್ನು ಭಾನುವಾರ ಕಾಪುವಿನಲ್ಲಿ ನಿನಗೆ ಆಗುವ ಸನ್ಮಾನದ ಸಂಗತಿ. ನಾವು ಬೇರೆಯಾದರೂ ಕಾಪುವಿನ ನಿನ್ನ ಸುಂದರ ಮಾವ ನನ್ನ ಅಕ್ಷರವನ್ನು ಬಿಡಲಿಲ್ಲ. ಅವರ ಯುವಕ ಸಂಘದ ಸನ್ಮಾನ ಪತ್ರಗಳೆಲ್ಲ ಇಂದಿಗೂ ನನ್ನ ಕೈಬರಹದಲ್ಲೇ ಆಗಬೇಕು. ನಿನ್ನದಕ್ಕೂ ಕರಡು ಬಂದಿದೆ. ಕಳೆದ ವರ್ಷ ನಿವೃತ್ತ ಸೊಸೈಟಿ ಮ್ಯಾನೇಜರೊಬ್ಬರಿಗೆ ಓದಿದ್ದನ್ನೇ ಹೆಸರು ಬದಲಿಸಿ ಕಳಿಸಿದ್ದಾರೆ. "ಮೂವತ್ತೈದು ವರ್ಷಗಳ ನಿಷ್ಕಳಂಕ ಸೇವೆ" ಹಾಗೆಯೇ ಉಂಟು. ಹೊಸದಾಗಿ ಸೇರಿಸಿದ್ದು ಒಂದೇ ಸಾಲು: "ಆದರ್ಶ ದಾಂಪತ್ಯದ ಮಹತ್ವವನ್ನು ನಾಡಿಗೆ ಸಾರಿದ ಚಿತ್ರ."

ಸಿನಿಮಾ ನೋಡಿದ್ರಾ ಮಾವ ಅಂತ ಫೋನ್ ಮಾಡಿ ಕೇಳಿದೆ. "ಪ್ರಶಸ್ತಿ ಬಂದಾಯ್ತಲ್ಲ ಮಾರಾಯ್ತಿ, ಇನ್ನು ನೋಡ್ಲಿಕ್ಕೆ ಎಂತ ಉಂಟು?" ಅಂದರು. ಅದರಲ್ಲಿ ದಾಂಪತ್ಯ ಸ್ವಲ್ಪ ಕಡಿಮೆ ಉಂಟು ಎಂದೆ. "ಹಾಗಾದ್ರೆ ಕೌಟುಂಬಿಕ ಮೌಲ್ಯ ಅಂತ ಬರಿ. ಅದು ಎಲ್ಲದಕ್ಕೂ ಆಗ್ತದೆ" ಎಂದು ಫೋನ್ ಇಟ್ಟರು. ಭಾನುವಾರ ಸನ್ಮಾನ ಮೊದಲು, ಊರಿಗೆ ಸಿನಿಮಾ ತೋರಿಸುವುದು ಆಮೇಲೆ. ಹೊದಿಸಿದ ಶಾಲನ್ನು ವಾಪಸು ಕೇಳುವ ಕ್ರಮ ನಮ್ಮಲ್ಲಿ ಇಲ್ಲದ್ದು ನಿನ್ನ ಪುಣ್ಯ.

ನೀನು, ಮನೀಶ ಒಬ್ಬರಿಗೊಬ್ಬರು ಯಾರೆಂದು ಊರಿಗೆ ತಿಳಿಯಲಿ. ಅದಕ್ಕೆ ನಾನು ಅಡ್ಡ ಬರುವವಳಲ್ಲ. ನನ್ನ ನಿದ್ದೆ ಕೆಡಿಸಿದ್ದು ನಿನ್ನ ಸಂದೇಶದ ಕೊನೆಯ ಸಾಲು. ಸಿನಿಮಾ ಮುಗಿದ ಮೇಲೆ ನನ್ನನ್ನು ವೇದಿಕೆಗೆ ಕರೆದು, "ಏನೂ ಅರಿಯದ ಹುಡುಗಿಗೆ ಮೋಸ ಮಾಡಿದೆ" ಎಂದು ಎಲ್ಲರೆದುರು ಕ್ಷಮೆ ಕೇಳುತ್ತೀಯಂತೆ. ಬೇಡ. ಖಂಡಿತ ಬೇಡ. ಸಿನಿಮಾ ಹುಚ್ಚಿನವ ಬಿಟ್ಟುಹೋದ ಹೆಂಡತಿ ಎಂದು ಆರು ವರ್ಷಗಳಿಂದ ಮದುವೆಯೂಟಗಳಲ್ಲಿ "ಪಾಪ" ಎನ್ನುತ್ತ ನನ್ನ ಎಲೆಗೆ ಒಂದು ಹೋಳಿಗೆ ಹೆಚ್ಚು ಹಾಕುತ್ತಾರೆ. ನೀನು ಮೈಕಿನಲ್ಲಿ ಹೇಳಿದರೆ ಎರಡು ಹಾಕಿಯಾರು. ನನಗೆ ಶುಗರ್ ಗಡಿಯಲ್ಲುಂಟು. ಒಳ್ಳೆಯ ಸೀರೆಗೆ ಇಸ್ತ್ರಿಯೂ ಆಗಿಲ್ಲ. ಭಾನುವಾರ ಬಸ್ಸೂ ಕಡಿಮೆ.

ಮಾವನ ಸಾಲನ್ನು ಹೊಡೆದುಹಾಕಿ "ಪ್ರೀತಿಯನ್ನು ಇದ್ದ ಹಾಗೆ ತೋರಿಸಿದ ಚಿತ್ರ" ಎಂದು ಬರೆದಿದ್ದೇನೆ. ಅವರು ಓದದೆ ಸಹಿ ಹಾಕುತ್ತಾರೆ. ಶಾಲು ಹೊದೆದುಕೊ, ಹಣ್ಣಿನ ಬುಟ್ಟಿ ತೆಗೆದುಕೊ. ಕ್ಷಮೆಯ ಮಾತು ಮಾತ್ರ ಎತ್ತಬೇಡ.

ಇಂತಿ,
ನಿನ್ನ ಸಿನಿಮಾದಲ್ಲಿ ಅಳುವವಳಲ್ಲದ
ಅಕ್ಷಿತಾ

ತಾ.ಕ.: ಬಸ್ಸು ಹೊರಡಲು ಹತ್ತು ನಿಮಿಷ ಉಂಟು. ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ಶುಗರ್, ಇಸ್ತ್ರಿ ಎಲ್ಲ ಸುಳ್ಳು. ನಮ್ಮ ನಿಶ್ಚಿತಾರ್ಥದ ದಿನ ಉಂಗುರ ತೊಡಿಸುವ ಮೊದಲು ನೀನು ಮನೀಶನ ಮುಖ ನೋಡಿದೆ. ಅವನು ಕಣ್ಣು ತುಂಬಿಕೊಂಡು, ಆಗಲಿ ಎಂದು ತಲೆಯಾಡಿಸಿದ. ಆಮೇಲೆ ತೊಡಿಸಿದೆ. ನಾನು ಅದನ್ನು ನೋಡಿದ್ದೆ. ನನಗೆ ಅರ್ಥವೂ ಆಗಿತ್ತು. ಅದಾಗಲೇ ನಾಲ್ಕು ಸಂಬಂಧ ತಪ್ಪಿದ್ದವು. ಇದನ್ನೂ ಬಿಡುವ ಧೈರ್ಯ ಸಾಲಲಿಲ್ಲ. ಬೆರಳು ಚಾಚಿದೆ. ಏನೂ ಅರಿಯದವಳೆಂದು ಹೇಳಿಸಿಕೊಂಡು ವೇದಿಕೆಯಲ್ಲಿ ಹೇಗೆ ನಿಲ್ಲಲಿ? ಶನಿವಾರವೇ ಇಬ್ಬರೂ ಇಲ್ಲಿಗೆ ಬನ್ನಿ. ಕ್ಷಮೆ ಕೇಳುವುದು ನನಗೂ ಉಂಟು, ಮೊದಲು ಮನೀಶನಲ್ಲಿ.