ಚಪ್ಪಲಿ ಹಾಕಿಕೊಂಡ ಪ್ರಾರ್ಥನೆ

ಕೊಯಿಲ, ಕಡಬ ತಾಲೂಕು
ಬುಧವಾರ, 12 ನವೆಂಬರ್ 2025

ಪ್ರೀತಿಯ ರಿಯೋನಾಳ ಪಪ್ಪಾ,

ಹೇಗಿದ್ದೀರಿ? ಕೈ ನಡುಗುವುದು ನಿಂತಿದೆ, ಎರಡು ಹೊತ್ತು ಗಂಜಿ ಸೇರುತ್ತಿದೆ ಎಂದು ಅಲ್ಲಿನ ಸಿಸ್ಟರ್ ಫೋನಿನಲ್ಲಿ ಹೇಳಿದರು. ಕುಡಿತ ಬಿಡಿಸುವ ಆ ಶಿಬಿರದಲ್ಲಿ ನಿಮಗೆ ಫೋನ್ ಕೊಡುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ಇವತ್ತು ನಿಮ್ಮ ತಂಗಿ ಅಲ್ಲಿಗೆ ಬರುವಾಗ ತಂದುಕೊಡುತ್ತಾಳೆ. ಮದುವೆಗೆ ಮುಂಚೆ ಬರೆದದ್ದು ಬಿಟ್ಟರೆ ನಿಮಗೆ ನಾನು ಬರೆಯುತ್ತಿರುವುದು ಇದೇ ಮೊದಲು. ಆಗ ಅಕ್ಷರ ಚಂದ ಇತ್ತು, ನಗಬೇಡಿ. ಅತ್ತೆಯ ಮಂಡಿನೋವು ಹಾಗೆಯೇ ಇದೆ, ನಾಲಿಗೆಗೆ ಮಾತ್ರ ಏನೂ ನೋವಿಲ್ಲ. ರಿಯೋನಾ ಗಣಿತದಲ್ಲಿ ಇಪ್ಪತ್ತಕ್ಕೆ ಹದಿನೆಂಟು ತಂದಿದ್ದಾಳೆ.

ಶನಿವಾರ ನಿಮ್ಮನ್ನು ಮನೆಗೆ ಕಳುಹಿಸುತ್ತಾರಂತೆ. ನಲವತ್ತು ದಿನ ಕಳೆಯಿತು ಎಂದು ಸಿಸ್ಟರ್ ಸಂತೋಷದಿಂದ ಹೇಳಿದರು. ಒಳ್ಳೆಯದಾಯಿತು ಎಂದೆ ನಾನೂ. ಫೋನ್ ಇಟ್ಟ ಮೇಲೆ ಒಲೆಯ ಮೇಲೆ ಹಾಲು ಉಕ್ಕುವುದು ಕಂಡರೂ ಏಳಲಾಗಲಿಲ್ಲ. ಸುತ್ತಿ ಬಳಸಿ ಏನು ಪ್ರಯೋಜನ? ನನಗೆ ಹೆದರಿಕೆ. ನೀವು ಬರುವುದಕ್ಕೇ ಹೆದರಿಕೆ. ಮಧ್ಯಾಹ್ನ ಮೂರಕ್ಕೆ ಕರುಣೆಯ ಪ್ರಾರ್ಥನೆಗೆ ಕೂತು, ಜಪಸರದ ಒಂದೊಂದು ಮಣಿಗೂ ನಿಮ್ಮ ಮೇಲೆ ದಯೆ ತೋರು ಎಂದು ಯೇಸುವನ್ನು ಬೇಡುತ್ತೇನೆ. ಅದೇ ಬಾಯಲ್ಲಿ, ಅವರು ಬರುವುದು ಇನ್ನೊಂದು ವಾರ ತಡವಾಗಲಿ ಎಂದೂ ಬೇಡುತ್ತೇನೆ. ಎರಡನ್ನೂ ಕೇಳಿಸಿಕೊಂಡು ಸುಮ್ಮನಿರುವ ಅವನ ತಾಳ್ಮೆ ದೊಡ್ಡದು.

ಆ ಸಂಜೆಯದು ನಿಮಗೆ ಎಷ್ಟು ನೆನಪಿದೆಯೋ ಗೊತ್ತಿಲ್ಲ. ನಾವು ಮೂವರೂ ಮನೆಯ ದೇವರ ಪೀಠದ ಎದುರು ಕೂತು ಸಂಜೆಯ ಜಪ, ತೇರ್ಸ್ ಹೇಳುತ್ತಿದ್ದೆವು, ಜಪಸರ ಅತ್ತೆಯ ಕೈಯಲ್ಲಿತ್ತು. ನೀವು ಕುಡಿದು ಬಂದು ಎಸೆದ ತಂಬಿಗೆ ನನ್ನ ಭುಜಕ್ಕೆ ಬಡಿದು, ಯೇಸುವಿನ ಪಟಕ್ಕೆ ತಾಗಿ ಅದರ ಗಾಜು ಒಡೆಯಿತು. ಮಗುವನ್ನು ಎಳೆದುಕೊಂಡು ಹಿಂಬಾಗಿಲಿನಿಂದ ಪಕ್ಕದ ಝೈನಬಳ ಮನೆಗೆ ಓಡಿದೆ. ‘ಬಾಗಿಲು ಬಡಿಯುದೆಲ್ಲ ಬೇಡ ಮಾರಾಯ್ತಿ, ಸೀದಾ ಒಳಗೆ ಬಾ’ ಎಂದಳು ಪುಣ್ಯಾತ್ಗಿತ್ತಿ. ಬರಿಗಾಲಲ್ಲಿ ಓಡಿದ ರಿಯೋನಾಳ ಅಂಗಾಲಿಗೆ ಆ ಗಾಜಿನ ಚೂರು ಹೊಕ್ಕಿತ್ತು. ಅದನ್ನು ತೆಗೆದದ್ದೂ ಝೈನಬಳೇ.

ಅಂದಿನಿಂದ ಮಗು ತೇರ್ಸಿಗೆ ಚಪ್ಪಲಿ ಹಾಕಿಕೊಂಡೇ ಕೂರುತ್ತಾಳೆ, ಹಿಂಬಾಗಿಲಿನ ಪಕ್ಕ. ಅತ್ತೆಗೆ ಸಿಟ್ಟು ಬಂತು. ‘ದೇವರ ಎದುರು ಎಂತ ಚಪ್ಪಲಿ? ತೆಗಿ!’ ಎಂದರು. ‘ಓಡ್ಲಿಕ್ಕೆ ಬೇಕಲ್ಲ ಅಜ್ಜಿ’ ಎಂದಳು ಇವಳು. ಅತ್ತೆ ಜಪಸರವನ್ನು ನನ್ನ ಕೈಗೆ ಕೊಟ್ಟರು, ತೇರ್ಸ್ ನಾನೇ ಮುಗಿಸಿದೆ. ಮರುದಿನ ಅವರೂ ಚಪ್ಪಲಿ ಮೆಟ್ಟಿಕೊಂಡು ಬಂದು ಅವಳ ಪಕ್ಕ ಕೂತರು. ಹದಿಮೂರು ವರ್ಷದಿಂದ ನನಗೆ ದಿನಾ ಹೇಳುತ್ತಿದ್ದ ‘ತಾಳಿದವನು ಬಾಳಿಯಾನು’ ಎಂಬ ಮಾತನ್ನು ಮತ್ತೆ ಎತ್ತಿಲ್ಲ.

ತೇರ್ಸ್ ಮುಗಿದ ಮೇಲೆ ಕಿರಿಯರು ಹಿರಿಯರ ಆಶೀರ್ವಾದ ಕೇಳಬೇಕಲ್ಲ. ರಿಯೋನಾ ಅಜ್ಜಿಯದು ಕೇಳಿ, ನನ್ನದು ಕೇಳಿ, ನಿಮ್ಮ ಖಾಲಿ ಕುರ್ಚಿಯನ್ನು ಒಮ್ಮೆ ನೋಡಿ ಹೋಗುತ್ತಾಳೆ. ಹೆದರಿಕೆಯೋ ಆಸೆಯೋ, ನಾನು ಕೇಳಿಲ್ಲ.

ಊಟ ಬಿಡಬೇಡಿ, ಮಾತ್ರೆ ಮರೆಯಬೇಡಿ. ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ದೇವಮಾತೆ ನಿಮ್ಮನ್ನು ಕಾಯಲಿ.

ನಿಮ್ಮ
ಅಪೊಲಿನ್

ತಾ.ಕ.: ನಿಮ್ಮ ತಂಗಿ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾಳೆ, ಬರೆಯಬೇಕಾದ್ದನ್ನೇ ನಾನು ಬರೆದಿಲ್ಲ. ಶನಿವಾರ ಬ್ಯಾಗು ಹಿಡಿದುಕೊಂಡು ಸೀದಾ ಇಲ್ಲಿಗೆ ಬರಬೇಡಿ. ಆಲಂಕಾರಿನಲ್ಲಿ ಇವಳ ಮನೆಯಲ್ಲಿರಿ, ಒಪ್ಪಿದ್ದಾಳೆ. ದಿನಾ ಸಂಜೆ ತೇರ್ಸಿಗೆ ಬನ್ನಿ, ಕುಡಿಯದೆ ಬನ್ನಿ. ಮಗು ಆಶೀರ್ವಾದ ಕೇಳಿದರೆ ಕೊಡಿ, ಕೇಳದಿದ್ದರೆ ಬೈಯದೆ ಬಸ್ಸು ಹತ್ತಿ. ತಾಳಿದವನು ಬಾಳಿಯಾನು ಎಂದು ಈಗ ನಿಮಗೆ ಹೇಳಬೇಕಂತೆ, ಅತ್ತೆಯೇ ಬರೆಸಿದ್ದು. ಬರುವಾಗ ದಿನಾ ಮೆಟ್ಟಿಲ ಬಳಿ ನೋಡಿ. ಮೂರು ಜೊತೆ ಚಪ್ಪಲಿ ಹೊರಗೆ ಕಂಡ ದಿನ ಬ್ಯಾಗು ತನ್ನಿ. ಮೂರನೆಯದು ನನ್ನದು.